ಓದಲಾಗದ ಪುಸ್ತಕ, ಮಾತಾಡಿದ ತೊಗಲು

ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ ಗೆಳೆಯರೇ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕೆ ಗ್ರಂಥಾಲಯದಲ್ಲಿ ಎಂಎಸ್ 408 ಅನ್ನೋ ನಂಬರಿನ ಒಂದು ಕೈಬರಹದ ಪುಸ್ತಕ ಇದೆ. ಸುಮಾರು 240 ಪುಟ. ಅಳತೆಯಲ್ಲಿ ಶಾಲೆ ಮಕ್ಕಳ ನೋಟ್‌ಬುಕ್ಕಿನಷ್ಟೇ. ಪುಟಪುಟಕ್ಕೂ ಬಣ್ಣದ ಚಿತ್ರ, ಚಿತ್ರದ ಸುತ್ತ ಅಚ್ಚುಕಟ್ಟಾದ ಬರಹ. ಆದರೆ ಅದರ ಒಂದು ಸಾಲನ್ನೂ ಇವತ್ತಿನವರೆಗೆ ಯಾರೂ ಎಲ್ಲರೂ ಒಪ್ಪುವ ಹಾಗೆ ಓದಿಲ್ಲ. ಅದನ್ನ ವಾಯ್ನಿಚ್ ಹಸ್ತಪ್ರತಿ ಅಂತಾರೆ.

ಯುರೋಪಿನ ಯಾವುದೋ ಪುಸ್ತಕ ಕಟ್ಕೊಂಡು ನಮಗೇನಾಗಬೇಕು ಅಂತ ಕೇಳಬಹುದು. ತಲೆಮಾರುಗಳ ಕಾಲ ಅಕ್ಷರದಿಂದ ಹೊರಗಿಟ್ಟ ಜನ ನಾವು. ಪುಸ್ತಕದ ಮುಂದೆ ನಿಂತು, ಓದಬಲ್ಲೆ ಅನ್ನೋನು ಹೇಳಿದ್ದನ್ನೇ ನಂಬಬೇಕಾದ ಸ್ಥಿತಿ ಹೇಗಿರುತ್ತೆ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಈ ಪುಸ್ತಕದ ಮುಂದೆ ಇಡೀ ಜಗತ್ತೇ ಆ ಸ್ಥಿತಿಯಲ್ಲಿದೆ. ಪ್ರೊಫೆಸರೂ ಅಷ್ಟೇ, ಗೂಢಲಿಪಿ ತಜ್ಞನೂ ಅಷ್ಟೇ, ಕಂಪ್ಯೂಟರೂ ಅಷ್ಟೇ. ಎಲ್ಲರೂ ಅನಕ್ಷರಸ್ಥರಾದಾಗ ಯಾರು ಹೇಗೆ ನಡ್ಕೊಂಡ್ರು ಅನ್ನೋದು ನೋಡಬೇಕಾದ ವಿಷಯ.

*

ವಿಲ್‌ಫ್ರಿಡ್ ವಾಯ್ನಿಚ್ ಪೋಲಿಷ್ ಮೂಲದ ಕ್ರಾಂತಿಕಾರಿ. ಜಾರ್ ದೊರೆಯ ವಿರುದ್ಧ ನಿಂತು ಸೈಬೀರಿಯಾಕ್ಕೆ ಗಡೀಪಾರಾಗಿ, ಅಲ್ಲಿಂದ ತಪ್ಪಿಸಿಕೊಂಡು 1890ರಲ್ಲಿ ಲಂಡನ್ ಸೇರಿದ. ಆಮೇಲೆ ಹಳೇ ಪುಸ್ತಕಗಳ ವ್ಯಾಪಾರಕ್ಕೆ ಇಳಿದ. 1912ರಲ್ಲಿ ಇಟಲಿಯ ಜೆಸ್ಯೂಟ್ ಪಾದ್ರಿಗಳ ಸಂಗ್ರಹದಿಂದ ಈ ಪುಸ್ತಕ ಕೊಂಡ. ಅದರ ಜೊತೆ ಒಂದು ಹಳೇ ಕಾಗದ ಇತ್ತು. 1665ರ ಸುಮಾರಿಗೆ ಪ್ರಾಗ್ ನಗರದ ಮಾರ್ಸಿ ಅನ್ನೋ ವಿದ್ವಾಂಸ ರೋಮಿನ ಅಥನೇಷಿಯಸ್ ಕಿರ್ಚರ್‌ಗೆ ಬರೆದದ್ದು. ಈ ಪುಸ್ತಕಕ್ಕೆ ಚಕ್ರವರ್ತಿ ಎರಡನೇ ರುಡಾಲ್ಫ್ 600 ಡುಕಾಟ್ ಚಿನ್ನದ ನಾಣ್ಯ ಕೊಟ್ಟಿದ್ದನಂತೆ, ಬರೆದವನು ರೋಜರ್ ಬೇಕನ್ ಇರಬಹುದಂತೆ, ಅಂತ ಕೇಳಿದ ಮಾತನ್ನ ಅದರಲ್ಲಿ ತಿಳಿಸಿದ್ದ.

ಕಿರ್ಚರ್‌ಗೇ ಯಾಕೆ ಕಳಿಸಿದ್ರು ಗೊತ್ತಾ? ಈಜಿಪ್ಟಿನ ಚಿತ್ರಲಿಪಿ ಓದಿದ್ದೀನಿ ಅಂತ ಆತ ದೊಡ್ಡ ದೊಡ್ಡ ಗ್ರಂಥ ಬರೆದಿದ್ದ. ಯುರೋಪೆಲ್ಲ ನಂಬಿತ್ತು. 1822ರಲ್ಲಿ ಶಾಂಪೋಲಿಯನ್ ನಿಜವಾಗಿ ಆ ಲಿಪಿ ಬಿಡಿಸಿದಾಗ ಕಿರ್ಚರ್ ಮಾಡಿದ್ದ ಅನುವಾದಗಳು ಬರೀ ಕಲ್ಪನೆ ಅಂತ ಗೊತ್ತಾಯ್ತು. ಓದಲಾಗದ ಪುಸ್ತಕ ಹೋಗಿ ಸೇರಿದ್ದು ಸುಳ್ಳು ಓದಿನ ಪಂಡಿತನ ಕೈಗೆ!

*

ಈಗ ಲಿಪಿ ನೋಡೋಣ. ಎಡದಿಂದ ಬಲಕ್ಕೆ ಬರೆದಿದೆ. ಮೂಲ ಅಕ್ಷರಗಳು ಹೆಚ್ಚುಕಡಿಮೆ ಇಪ್ಪತ್ತೈದು. ಒಟ್ಟು ಪದ ಸುಮಾರು 38,000. ಹೊಡೆದುಹಾಕಿ ತಿದ್ದಿದ ಗುರುತು ಕಾಣೋದೇ ಕಷ್ಟ. ಪದಗಳ ಬಳಕೆಯ ಲೆಕ್ಕ ನಿಜವಾದ ಭಾಷೆಯ ಥರಾನೇ ಇದೆ: ಕೆಲವು ಪದ ಪದೇಪದೇ ಬರುತ್ತವೆ, ಬಹಳಷ್ಟು ಒಮ್ಮೆ ಮಾತ್ರ. ಆದರೆ ಕೆಲವು ಅಕ್ಷರ ಪದದ ಮೊದಲಲ್ಲೇ ಬರ್ತವೆ, ಕೆಲವು ಕೊನೆಯಲ್ಲೇ. ಒಂದು ಅಕ್ಷರ ಬಂದ್ರೆ ಮುಂದಿನದು ಯಾವುದು ಅಂತ ಊಹಿಸೋದು ಯುರೋಪಿನ ಭಾಷೆಗಳಿಗಿಂತ ಇಲ್ಲಿ ತೀರಾ ಸುಲಭ. ಒಂದೇ ಪದ ಎರಡು ಮೂರು ಸಲ ಸಾಲಾಗಿ ಬರುತ್ತೆ. ಭಾಷೆ ಅಂದ್ರೆ ಭಾಷೆ, ಅಲ್ಲ ಅಂದ್ರೆ ಅಲ್ಲ.

1970ರ ದಶಕದಲ್ಲಿ ಪ್ರೆಸ್ಕಾಟ್ ಕರಿಯರ್ ಅನ್ನೋ ಗೂಢಲಿಪಿ ತಜ್ಞ ಪುಟಗಳನ್ನ ಲೆಕ್ಕ ಹಾಕಿ ನೋಡಿ, ಇದರಲ್ಲಿ ಎರಡು ಬಗೆಯ 'ಭಾಷೆ' ಇದೆ, ಬರೆದ ಕೈಯೂ ಒಂದಲ್ಲ ಅಂತ ತೋರಿಸಿದ. 2020ರಲ್ಲಿ ಲಿಸಾ ಫೇಗಿನ್ ಡೇವಿಸ್ ಅನ್ನೋ ಹಸ್ತಪ್ರತಿ ವಿದ್ವಾಂಸೆ ಅಕ್ಷರದ ತಿರುವು, ಅಡ್ಡಗೆರೆ, ಬಾಲ ಎಲ್ಲವನ್ನೂ ಹೋಲಿಸಿ, ಐದು ಜನ ಬರೆದಿದ್ದಾರೆ ಅಂದ್ರು. ಒಬ್ಬ ಹುಚ್ಚ ಮೇಧಾವಿ ಕೋಣೆಯಲ್ಲಿ ಒಬ್ಬನೇ ಕೂತು ಬರೆದ ಅನ್ನೋ ರೋಮಾಂಚಕ ಕಥೆ ಅಲ್ಲಿಗೆ ಬಿತ್ತು. ಇದು ಒಂದು ಗುಂಪಿನ ದುಡಿಮೆ. ಐವರು ಕಲಿತು, ಹಂಚಿಕೊಂಡು ಬರೆದ ಲಿಪಿ. ಐವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ.

ಚಿತ್ರಗಳ ಕಥೆ ಇನ್ನೊಂದು. ಮೊದಲ ಭಾಗದಲ್ಲಿ ನೂರಕ್ಕೂ ಹೆಚ್ಚು ಗಿಡಗಳು. ಒಂದರ ಬೇರು, ಇನ್ನೊಂದರ ಎಲೆ, ಮತ್ತೊಂದರ ಹೂವು ಜೋಡಿಸಿದ ಹಾಗೆ ಕಾಣ್ತವೆ. ಆಮೇಲೆ ರಾಶಿಚಕ್ರ. ಪ್ರತಿ ರಾಶಿಯ ಸುತ್ತ ಸಾಲುಸಾಲು ಹೆಂಗಸರು, ಕೈಯಲ್ಲೊಂದು ನಕ್ಷತ್ರ. ಮುಂದೆ ಹಸಿರು ನೀರಿನ ಕೊಳಗಳು, ಕೊಳವೆಗಳು, ಅದರಲ್ಲಿ ಮೀಯುತ್ತಿರೋ ಬೆತ್ತಲೆ ಹೆಂಗಸರು. ಆಮೇಲೆ ಮಡಚಿದ ದೊಡ್ಡ ಹಾಳೆಯಲ್ಲಿ ಒಂಬತ್ತು ಚಕ್ರಗಳು. ಕೊನೆಗೆ ಔಷಧಿಯ ಭರಣಿಗಳು, ಬೇರು ಎಲೆಗಳು, ಅಂಚಿನಲ್ಲಿ ನಕ್ಷತ್ರ ಇಟ್ಟ ಚಿಕ್ಕ ಚಿಕ್ಕ ಪ್ಯಾರಾಗಳು. ನೋಡಿದ್ರೆ ವೈದ್ಯದ ಪುಸ್ತಕ ಅನ್ಸುತ್ತೆ. ಹೆಂಗಸರ ಆರೋಗ್ಯದ್ದು ಅಂತ ಊಹಿಸಿದವರೂ ಇದ್ದಾರೆ. ಆದರೆ ಅನ್ಸೋದು ಬೇರೆ, ರುಜುವಾತು ಬೇರೆ.

ಚಿತ್ರ ಹೇಗೆ ದಾರಿ ತಪ್ಪಿಸುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. 1944ರಲ್ಲಿ ಹ್ಯೂ ಓನೀಲ್ ಅನ್ನೋ ಸಸ್ಯಶಾಸ್ತ್ರಜ್ಞ ಒಂದು ಗಿಡವನ್ನ ಸೂರ್ಯಕಾಂತಿ ಅಂದ. ಸೂರ್ಯಕಾಂತಿ ಅಮೆರಿಕ ಖಂಡದ ಗಿಡ. ಹಾಗಾಗಿ ಪುಸ್ತಕ ಕೊಲಂಬಸ್ ಹೋಗಿಬಂದ ಮೇಲಿನದ್ದೇ ಅಂತ ತೀರ್ಮಾನ.

ಅದಕ್ಕೂ ಮೊದಲು, 1921ರಲ್ಲಿ, ಪೆನ್ಸಿಲ್ವೇನಿಯಾದ ಪ್ರೊಫೆಸರ್ ವಿಲಿಯಂ ನ್ಯೂಬೋಲ್ಡ್ 'ಓದಿಬಿಟ್ಟೆ' ಅಂತ ಘೋಷಿಸಿದ್ದ. ಕಾಣೋ ಅಕ್ಷರಕ್ಕೆ ಅರ್ಥ ಇಲ್ಲ, ಅಕ್ಷರದ ಗೆರೆಯೊಳಗೆ ಭೂತಗನ್ನಡಿಯಲ್ಲಿ ಮಾತ್ರ ಕಾಣೋ ಗೀಟುಗಳಲ್ಲಿ ಗುಟ್ಟಿದೆ ಅಂದ. 13ನೇ ಶತಮಾನದಲ್ಲೇ ಬೇಕನ್ ಆಂಡ್ರೊಮಿಡಾ ಗೆಲಾಕ್ಸಿಯ ಸುರುಳಿ ನೋಡಿದ್ದ ಅಂತಲೂ ಹೇಳಿದ. ದೊಡ್ಡ ದೊಡ್ಡವರು ತಲೆದೂಗಿದ್ರು. 1931ರಲ್ಲಿ ಜಾನ್ ಮ್ಯಾನ್ಲಿ ಆ ಗೀಟುಗಳು ಏನು ಅಂತ ಬಿಡಿಸಿ ತೋರಿಸಿದ: ಮಸಿ ಒಣಗಿ ಬಿರುಕು ಬಿಟ್ಟದ್ದು, ಅಷ್ಟೇ. ತಾನು ಓದಬೇಕು ಅಂದುಕೊಂಡಿದ್ದನ್ನ ಪ್ರೊಫೆಸರ್ ಬಿರುಕುಗಳಲ್ಲಿ ಓದಿದ್ದ.

ಇದಕ್ಕೆ ಉಲ್ಟಾ ನೋಡಿ ವಿಲಿಯಂ ಫ್ರೀಡ್‌ಮನ್. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಗೂಢಲಿಪಿ ಒಡೆದ ತಂಡದ ಮುಖ್ಯಸ್ಥ. ಗುಂಪು ಕಟ್ಟಿಕೊಂಡು, ವರ್ಷಗಟ್ಟಲೆ ಇದರ ಹಿಂದೆ ಬಿದ್ದ. ಇದು ಯಾರೋ ಹೊಸದಾಗಿ ಕಟ್ಟಿದ ಕೃತಕ ಭಾಷೆ ಇರಬೇಕು ಅನ್ನೋದು ಅವನ ಅಂದಾಜು. ಅದನ್ನ ಅಂದಾಜು ಅಂತಲೇ ಇಟ್ಟ, ಓದಿದೆ ಅಂತ ಹೇಳಲಿಲ್ಲ. 2004ರಲ್ಲಿ ಗಾರ್ಡನ್ ರಗ್ ಅನ್ನೋರು, ತೂತು ಕೊರೆದ ಕಾರ್ಡನ್ನ ಅಕ್ಷರಗಳ ಪಟ್ಟಿ ಮೇಲೆ ಜರುಗಿಸುತ್ತಾ ಹೋದರೆ ಅರ್ಥವಿಲ್ಲದ ಇಂಥದ್ದೇ ಬರಹ ಹುಟ್ಟಿಸಬಹುದು ಅಂತ ಮಾಡಿ ತೋರಿಸಿದ್ರು. ಅದೂ ಒಂದು ಸಾಧ್ಯತೆ. 2019ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಓದಾಯ್ತು ಅಂದಾಗ ಪತ್ರಿಕೆಗಳೆಲ್ಲ ಕುಣಿದವು. ತಜ್ಞರು ಪ್ರಶ್ನೆ ಕೇಳಿದ ಮೇಲೆ ವಿಶ್ವವಿದ್ಯಾಲಯವೇ ಅದರಿಂದ ದೂರ ಸರಿಯಿತು.

*

ನೂರು ವರ್ಷದ ಈ ಗದ್ದಲದಲ್ಲಿ ಗಟ್ಟಿಯಾದ ಒಂದು ಉತ್ತರ ಎಲ್ಲಿಂದ ಬಂತು ಗೊತ್ತಾ? ಅಕ್ಷರದಿಂದಲ್ಲ. ಚಿತ್ರದಿಂದಲೂ ಅಲ್ಲ. ತೊಗಲಿನಿಂದ.

ಈ ಪುಸ್ತಕದ ಹಾಳೆ ಕಾಗದದ್ದಲ್ಲ, ಕರುವಿನ ತೊಗಲು. ಇಡೀ ಪುಸ್ತಕಕ್ಕೆ ಕಡಿಮೆ ಅಂದ್ರೂ ಹದಿನಾಲ್ಕು ಹದಿನೈದು ಕರುಗಳ ತೊಗಲು ಬೇಕು ಅನ್ನೋ ಲೆಕ್ಕ ಇದೆ. ತೊಗಲನ್ನ ಸುಣ್ಣದ ನೀರಲ್ಲಿ ದಿನಗಟ್ಟಲೆ ನೆನೆಸಿ, ಕೂದಲು ಕಿತ್ತು, ಚೌಕಟ್ಟಿಗೆ ಬಿಗಿದು, ಬಾಗಿದ ಕತ್ತಿಯಿಂದ ಹೆರೆದು, ಬಿಗಿಯಲ್ಲೇ ಒಣಗಿಸಬೇಕು. ಕೈ ಒಂಚೂರು ಹೆಚ್ಚಾದ್ರೆ ತೂತು. ಈ ಪುಸ್ತಕದಲ್ಲೂ ತೂತು ಇವೆ, ಹೊಲಿದ ಗುರುತು ಇವೆ. ಬರೆಯೋನು ತೂತಿನ ಪಕ್ಕದಲ್ಲಿ ಜಾಗ ಮಾಡ್ಕೊಂಡು ಬರೆದಿದ್ದಾನೆ. ವಾಸನೆ, ಕೊಳೆತ, ಸುಣ್ಣಕ್ಕೆ ಬೆಂದ ಕೈ: ಈ ಕೆಲಸ ಏನು ಅಂತ ನಮ್ಮ ಕೇರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

2009ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದವರು ನಾಲ್ಕು ಹಾಳೆಗಳ ಅಂಚಿನಿಂದ ಚೂರು ತೊಗಲು ತೆಗೆದು ಇಂಗಾಲದ ಪರೀಕ್ಷೆ ಮಾಡಿದ್ರು. ಹುಲ್ಲು ಮೇಯುವ ಕರುವಿನ ಮೈಗೆ ಸೇರಿದ ಇಂಗಾಲ-14, ಅದು ಸತ್ತ ದಿನದಿಂದ ಲೆಕ್ಕಾಚಾರವಾಗಿ ಕರಗುತ್ತಾ ಹೋಗುತ್ತೆ. ಎಷ್ಟು ಉಳಿದಿದೆ ಅಂತ ಅಳೆದ್ರೆ ವಯಸ್ಸು ಸಿಗುತ್ತೆ. ಉತ್ತರ ಬಂತು: 1404ರಿಂದ 1438ರ ನಡುವೆ. ಶೇ. 95ರಷ್ಟು ಖಚಿತ.

ಬೇಕನ್ ಸತ್ತು ನೂರು ವರ್ಷದ ಮೇಲಾಗಿತ್ತು. ಕೊಲಂಬಸ್ ಹುಟ್ಟೇ ಇರಲಿಲ್ಲ. ಬೇಕನ್ ಕಥೆ ಬಿತ್ತು, ಸೂರ್ಯಕಾಂತಿಯೂ ಬಾಡಿತು. ಇದು ತೊಗಲಿನ ವಯಸ್ಸು, ಮಸಿಯದ್ದಲ್ಲ, ಅನ್ನೋದನ್ನೂ ಹೇಳಬೇಕು. ಆದರೆ ಚಿತ್ರದಲ್ಲಿರೋ ಉಡುಪು, ಕೂದಲಿನ ಕಟ್ಟು, ಕೋಟೆಗೋಡೆಯ ತೆನೆ ಎಲ್ಲ ಅದೇ ಕಾಲದ ಕಡೆಗೇ ಕೈ ತೋರಿಸ್ತವೆ.

ಅಕ್ಷರ ಬಲ್ಲವರು ಸಾವಿರ ಕಥೆ ಕಟ್ಟಿದ್ರು. ಹೆಸರಿಲ್ಲದ ತೊಗಲು ಕೆಲಸದವನ ಕೈ ದಾಟಿ ಬಂದ ವಸ್ತು ಒಂದೇ ಒಂದು ಮಾತು ಹೇಳ್ತು, ಅದೇ ನಿಂತಿತು. ತೊಗಲು ಮುಟ್ಟಿದವನನ್ನ ಊರ ಹೊರಗಿಟ್ಟು, ಅಕ್ಷರ ಮುಟ್ಟಿದವನನ್ನ ಗರ್ಭಗುಡಿಯಲ್ಲಿಟ್ಟ ನಾಡು ನಮ್ಮದು. ಈ ಮಾತು ನೆನಪಿಟ್ಟುಕೊಳ್ಳೋಣ.

*

ಲಿಪಿ ಕಳ್ಕೊಳ್ಳೋದು ಯುರೋಪಿನ ಕಥೆ ಮಾತ್ರ ಅಲ್ಲ. 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನ ದಿಲ್ಲಿಗೆ ತರಿಸಿದ. ಮೇಲಿನ ಬರಹ ಓದಿ ಅಂತ ಬ್ರಾಹ್ಮಣ ಪಂಡಿತರನ್ನ ಕರೆಸಿದ್ರು. ಒಬ್ಬರಿಗೂ ಓದಕ್ಕಾಗಲಿಲ್ಲ. ಆದರೂ ಕೆಲವರು ಹೇಳಿದರಂತೆ: ಫಿರೋಜ್ ಅನ್ನೋ ಸುಲ್ತಾನ ಬರೋವರೆಗೂ ಈ ಕಂಬ ಯಾರಿಂದಲೂ ಅಲುಗಾಡಲ್ಲ ಅಂತ ಇದರಲ್ಲಿ ಬರೆದಿದೆ! ಆ ಕಾಲದ ಚರಿತ್ರೆಕಾರ ಅಫೀಫ್ ಇದನ್ನ ಬರೆದಿಟ್ಟಿದ್ದಾನೆ. ಬುದ್ಧನ ದಾರಿ ಹಿಡಿದ ರಾಜನ ಮಾತು ಕಣ್ಣೆದುರೇ ಇತ್ತು, ಓದೋರು ಇರಲಿಲ್ಲ. ಓದಿದ ಹಾಗೆ ನಟಿಸೋರು ಮಾತ್ರ ಇದ್ರು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಬಿಡಿಸಿದ್ದು ಹೇಗೆ? ಸಾಂಚಿ ಸ್ತೂಪದ ಚಿಕ್ಕ ಚಿಕ್ಕ ಶಾಸನಗಳು ಒಂದೇ ಅಕ್ಷರಗಳಲ್ಲಿ ಮುಗಿಯೋದನ್ನ ಗಮನಿಸಿದ. ಅದು 'ದಾನಂ' ಇರಬೇಕು ಅಂತ ಊಹಿಸಿದ, ಬೇರೆ ಬರಹಗಳ ಮೇಲೆ ಇಟ್ಟು ಪರೀಕ್ಷಿಸಿದ, ನಿಂತಿತು. ರಾಜಾಜ್ಞೆಗೆ ಬೀಗದಕೈ ಸಿಕ್ಕಿದ್ದು ಸಾಮಾನ್ಯ ದಾನಿಗಳ ಸಾಲುಗಳಲ್ಲಿ. ಆ ಕಂಬಗಳ 'ದೇವಾನಂಪಿಯ' ಅಂದ್ರೆ ಅಶೋಕನೇ ಅನ್ನೋದಕ್ಕೆ ಕಲ್ಲಿನ ಮೇಲಿನ ಸಾಕ್ಷಿ 1915ರಲ್ಲಿ ಸಿಕ್ಕಿದ್ದು ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ.

ಆ ಬೀಗ ತೆಗೆದಿದ್ದಕ್ಕೇ ನಮಗೆ ಇನ್ನೊಂದು ಹೆಸರು ಸಿಕ್ತು. ಅಮರಾವತಿಯ ಬೌದ್ಧ ಸ್ತೂಪಕ್ಕೆ ಪೂರ್ಣಘಟದ ಚಪ್ಪಡಿಯೊಂದನ್ನ ಕೊಟ್ಟವನು ವಿಧಿಕ. ತಾಯಿ, ಹೆಂಡತಿ, ಅಣ್ಣತಮ್ಮಂದಿರು, ಮಕ್ಕಳ ಜೊತೆ ಸೇರಿ ಕೊಟ್ಟ ದಾನ. ಅವನ ಕಸುಬು ಕಲ್ಲಿನ ಮೇಲೇ ಇದೆ: ಚಮ್ಮಕಾರ. ತೊಗಲು ಕೆಲಸದವನು. ಅವನ ಅಪ್ಪ ನಾಗ, ಉಪಾಧ್ಯಾಯ. ಉಪಾಧ್ಯಾಯನ ಮಗ ಚಮ್ಮಾರ, ಅವನ ಹೆಸರು ಸ್ತೂಪದ ಮೇಲೆ! ನಮ್ಮನ್ನ ಯಾವತ್ತೂ ಹೊರಗೇ ಇಟ್ಟಿದ್ರು ಅನ್ನೋರ ಬಾಯಿ ಮುಚ್ಚಿಸೋಕೆ ಈ ಒಂದು ಕಲ್ಲು ಸಾಕು. ಯಾಕೆ ಸಾಕು? ನಾವು ಇಷ್ಟಪಟ್ಟ ಹಾಗೆ ಓದಿದ್ದರಿಂದ ಅಲ್ಲ. ಯಾರು ಬೇಕಾದ್ರೂ ಅಕ್ಷರ ಕಲಿತು ಹೋಗಿ ಓದಿದ್ರೂ ಅದೇ ಹೆಸರು ಬರುತ್ತೆ, ಅದಕ್ಕೆ.

2000ದಲ್ಲಿ ಕರ್ನಾಟಕದವರೇ ಆದ ಎನ್.ಎಸ್. ರಾಜಾರಾಂ ಮತ್ತು ಎನ್. ಝಾ ಸಿಂಧೂ ಲಿಪಿ ಓದಿದ್ದೀವಿ, ಅದು ವೈದಿಕ ಸಂಸ್ಕೃತ ಅಂತ ಪುಸ್ತಕ ತಂದ್ರು. ಕುದುರೆ ಇದೆ ಅಂತ ಒಂದು ಮುದ್ರೆಯ ಚಿತ್ರವನ್ನೂ ತೋರಿಸಿದ್ರು. ಅದು ಮುರಿದ ಮುದ್ರೆಯ ಮೇಲಿನ ಒಂಟಿಕೊಂಬಿನ ಪ್ರಾಣಿ ಅಂತ ವಿಟ್ಜೆಲ್ ಮತ್ತು ಫಾರ್ಮರ್ ಫ್ರಂಟ್‌ಲೈನ್ ಪತ್ರಿಕೆಯಲ್ಲಿ ಬಯಲು ಮಾಡಿದ್ರು. ಇದನ್ನ ನೆನೆಸಿಕೊಂಡು ನಗ್ತೀವಿ, ಸರಿ. ಆದರೆ ನಮ್ಮದೇ ವಾಟ್ಸಾಪ್ ಗ್ರೂಪುಗಳಲ್ಲೂ 'ಸಿಂಧೂ ಲಿಪಿ ಓದಾಯ್ತು, ಅದು ನಮ್ಮವರದ್ದೇ' ಅಂತ ಫಾರ್ವರ್ಡ್ ಬರುತ್ತಲ್ಲ, ಅದಕ್ಕೂ ಇದೇ ತಕ್ಕಡಿ ಹಿಡೀಬೇಕು. ಇನ್ನೊಬ್ಬರು ಅದೇ ನಿಯಮ ಹಿಡಿದು ಓದಿದ್ರೆ ಅದೇ ಅರ್ಥ ಬರುತ್ತಾ? ಹೊಸ ಪುಟಕ್ಕೂ ನಿಲ್ಲುತ್ತಾ? ಇಲ್ಲ ಅಂದ್ರೆ ಅದು ಓದಲ್ಲ, ಆಸೆ. ಬಾಬಾಸಾಹೇಬರು ಅಸ್ಪೃಶ್ಯತೆಯ ಮೂಲದ ಬಗ್ಗೆ 1948ರಲ್ಲಿ ಬರೆದಾಗ, ಕೊಂಡಿ ಕಳಚಿದ ಕಡೆ ಊಹೆಯಿಂದ ಜೋಡಿಸಿದ್ದೀನಿ ಅಂತ ಮುನ್ನುಡಿಯಲ್ಲೇ ಹೇಳಿಕೊಂಡ್ರು. ಸಾಕ್ಷಿ ಯಾವುದು, ಊಹೆ ಯಾವುದು ಅಂತ ಬೇರೆ ಬೇರೆ ಇಡೋ ಆ ಪ್ರಾಮಾಣಿಕತೆ ನಮ್ಮ ಪರಂಪರೆ.

ವಾಯ್ನಿಚ್ ಪುಸ್ತಕದ ಎಲ್ಲ ಪುಟಗಳನ್ನೂ ಯೇಲ್ ಗ್ರಂಥಾಲಯ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ಮೊಬೈಲಲ್ಲೇ ತೆಗೆದು ನೋಡಿ, ಮಕ್ಕಳಿಗೂ ತೋರಿಸಿ. ಅಕ್ಷರ, ಚಿತ್ರ ನೋಡಿದ ಮೇಲೆ ಹಾಳೆಯನ್ನ ದೊಡ್ಡದು ಮಾಡಿ ನೋಡಿ. ತೂತು ಕಾಣುತ್ತೆ, ಹೊಲಿಗೆ ಕಾಣುತ್ತೆ. ಆರು ನೂರು ವರ್ಷದ ಹಿಂದೆ ಯಾರೋ ಒಬ್ಬರು ಸುಣ್ಣದ ಕೈಯಲ್ಲಿ ಹಾಕಿದ ಹೊಲಿಗೆ ಅದು. ಆ ಪುಸ್ತಕದಲ್ಲಿ ನಾವು ಈಗಲೇ ಓದಬಹುದಾದ ಬರಹ ಅದೊಂದೇ.

ಜೈ ಭೀಮ್.