ಮಂದಗತಿಯ ಮನೆ ಇಂಟರ್‌ನೆಟ್‌ನಲ್ಲಿ ವಿಡಿಯೊ ಗುಣಮಟ್ಟದ ನಿರ್ವಹಣೆ

ಒಂದೇ ನಿಧಾನಗತಿಯ ಇಂಟರ್‌ನೆಟ್ ಸಂಪರ್ಕವನ್ನು ಮನೆಮಂದಿಯೆಲ್ಲ ಬಳಸುವಾಗ, ಯಾವ ವಿಡಿಯೊ ಎಷ್ಟು ಸ್ಪಷ್ಟವಾಗಿ ಓಡಬೇಕೆಂದು ಗೊತ್ತುಮಾಡಿ ಎಲ್ಲರ ಕೆಲಸವೂ ಸಾಗುವಂತೆ ನೋಡಿಕೊಳ್ಳುವ ಕ್ರಮ. ಭಾರತದಲ್ಲಿ 2013ರಿಂದ 512 ಕೆಬಿಪಿಎಸ್ ಇದ್ದ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿಸಿತು. ನೆಟ್‌ಫ್ಲಿಕ್ಸ್ 720ಪಿ ಚಿತ್ರಕ್ಕೆ 3, 1080ಪಿ ಚಿತ್ರಕ್ಕೆ 5 ಎಂಬಿಪಿಎಸ್ ಬೇಕೆನ್ನುತ್ತದೆ. ಹೀಗಾಗಿ ಬ್ರಾಡ್‌ಬ್ಯಾಂಡ್ ಎನಿಸಿಕೊಂಡ ಸಂಪರ್ಕ ಒಂದು ಎಚ್‌ಡಿ ಸಿನಿಮಾಕ್ಕೂ ಸಾಲದೆ ಹೋಗಬಹುದು.

ವಿಡಿಯೊ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಹಿಂದಿನ ತುಣುಕು ಎಷ್ಟು ಬೇಗ ಬಂತೆಂದು ನೋಡಿ, ಮುಂದಿನದನ್ನು ಯಾವ ಗುಣಮಟ್ಟದಲ್ಲಿ ತರಿಸಬೇಕೆಂದು ಆ್ಯಪ್ ನಿರ್ಧರಿಸುತ್ತದೆ. 2012ರಲ್ಲಿ ಪ್ರಕಟವಾದ ಡ್ಯಾಶ್ ಮಾನಕ ಈ ವಿಧಾನದ್ದೇ. ಒಂಟಿ ವೀಕ್ಷಕನಿಗೆ ಇದು ಸರಿ. ಆದರೆ ‘ಆಟೊ’ದಲ್ಲಿಟ್ಟ ಟಿವಿಗೆ ಒಳಕೋಣೆಯಲ್ಲಿ ಮಗಳ ಆನ್‌ಲೈನ್ ಕ್ಲಾಸ್ ನಡೆದಿರುವುದು ತಿಳಿಯದು, ಸಿಕ್ಕಷ್ಟನ್ನೂ ಅದು ಎಳೆದುಕೊಳ್ಳುತ್ತದೆ. ಪಡಸಾಲೆಯಲ್ಲಿ ಧಾರಾವಾಹಿ ನಿಚ್ಚಳ, ಒಳಗೆ ಮೇಷ್ಟ್ರ ಮಾತು ತುಂಡುತುಂಡು.

ಆದ್ದರಿಂದ ಮಿತಿಯನ್ನು ಮನೆಯವರೇ ಹಾಕಬೇಕು. ಯೂಟ್ಯೂಬ್‌ನಲ್ಲಿ ‘ಡೇಟಾ ಸೇವರ್’ ಆಯ್ದುಕೊಳ್ಳಬಹುದು. ನೆಟ್‌ಫ್ಲಿಕ್ಸ್‌ನಲ್ಲಿ ಪ್ರತಿ ಪ್ರೊಫೈಲಿಗೂ ‘ಲೋ’ ಅಥವಾ ‘ಮೀಡಿಯಂ’ ಗೊತ್ತುಮಾಡಬಹುದು. ಗಂಟೆಗೆ 3 ಜಿಬಿವರೆಗೆ ತಿನ್ನುವ ಎಚ್‌ಡಿ ಬದಲು ‘ಮೀಡಿಯಂ’ನಲ್ಲಿ ಸುಮಾರು 0.7 ಜಿಬಿ ಸಾಕಾಗುತ್ತದೆ. ಧಾರಾವಾಹಿಗೆ, ಭಾಷಣಕ್ಕೆ 480ಪಿ ಧಾರಾಳ. ಹಲಗೆಯ ಮೇಲಿನ ಲೆಕ್ಕ ಓದಲು ಮಾತ್ರ 720ಪಿ ಬೇಕಾದೀತು, ಹೆಚ್ಚಿನ ಪಾಲು ಪಾಠಕ್ಕೇ ಸಲ್ಲಬೇಕು. ಸಿನಿಮಾವನ್ನು ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟರೆ ಸಂಜೆಯ ಜಗ್ಗಾಟವೇ ಇಲ್ಲ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ, ದೇಶದ ಪ್ರಮುಖ ವಿಡಿಯೊ ಸಂಸ್ಥೆಗಳೇ ಮೊಬೈಲ್ ಜಾಲದಲ್ಲಿ 480ಪಿ ಮೀರದಿರಲು ಒಪ್ಪಿದ್ದವು.

ವೇಗ ಕುಗ್ಗಲು ಮನೆಯ ಗೋಡೆಯೂ ಕಾರಣವಾಗಬಹುದು. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕುರಕುಂಟಾದಿಂದ ಚಿತ್ತಾಪುರ, ವಾಡಿ, ಶಹಾಬಾದ್‌ವರೆಗಿನದು ಸುಣ್ಣಕಲ್ಲಿನ ಸೀಮೆ. ಇಲ್ಲಿಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ಬೇಸಿಗೆಗೆ ಹಿತ, ವೈಫೈಗೆ ಅಡ್ಡಿ. 5 ಗಿಗಾಹರ್ಟ್ಸ್ ತರಂಗ ಗೋಡೆ ದಾಟುವಾಗ 2.4 ಗಿಗಾಹರ್ಟ್ಸಿಗಿಂತ ಹೆಚ್ಚು ಸೊರಗುತ್ತದೆ. ರೂಟರ್ ಪಕ್ಕ ಒಮ್ಮೆ, ಒಳಕೋಣೆಯಲ್ಲಿ ಒಮ್ಮೆ ವೇಗ ಅಳೆದು ನೋಡಬೇಕು. ಮೊದಲ ಅಳತೆ ಚೆನ್ನಾಗಿದ್ದು ಎರಡನೆಯದು ಕುಸಿದಿದ್ದರೆ ಪ್ಲಾನ್ ಬದಲಿಸಿ ಉಪಯೋಗವಿಲ್ಲ. ರೂಟರನ್ನು ಮನೆಯ ನಡುವೆ ಎತ್ತರದಲ್ಲಿಡಬೇಕು, ಟಿವಿಗೆ ಕೇಬಲ್ ಎಳೆಯಬೇಕು.

ಬಹಳ ಮನೆಗಳಲ್ಲಿ ಗಮನಕ್ಕೆ ಬಾರದ ಕಾರಣ ಅಪ್‌ಲೋಡ್. ಮದುವೆಯ ಫೋಟೊಗಳು ಫೋನಿನಿಂದ ತಾವಾಗಿಯೇ ಬ್ಯಾಕಪ್ ಆಗುವಾಗ ಮಾಡೆಮ್‌ನಲ್ಲಿ ಸಾಲು ಬೆಳೆದು, ಉಳಿದವರ ಚಿಕ್ಕಪುಟ್ಟ ಸಂದೇಶಗಳೂ ಅದರ ಹಿಂದೆ ಕಾಯುತ್ತವೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜಾಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನ ಈ ಸಾಲನ್ನು ಚಿಕ್ಕದಾಗಿಡುತ್ತದೆ. ಇಂಥ ಸಾಲನ್ನು ನಿರ್ವಹಿಸುವ ‘ಎಸ್‌ಕ್ಯೂಎಂ’ ಸೌಲಭ್ಯವಿರುವ ರೂಟರ್‌ನಲ್ಲಿ ಲೈನಿನ ನಿಜವಾದ ವೇಗಕ್ಕಿಂತ ತುಸು ಕಡಿಮೆ ಮಿತಿ ಹಾಕಿದರೆ ಸಾಲು ಮಾಡೆಮ್ ಬದಲು ರೂಟರ್‌ನಲ್ಲೇ ನಿಲ್ಲುತ್ತದೆ, ಅಲ್ಲಿ ಎಲ್ಲರಿಗೂ ಸರದಿ ಸಿಗುತ್ತದೆ. ಆ ಸೌಲಭ್ಯವಿಲ್ಲದಿದ್ದರೆ ಕ್ಲಾಸ್ ಮುಗಿಯುವವರೆಗೆ ಬ್ಯಾಕಪ್ ನಿಲ್ಲಿಸಿಡುವುದೇ ಸುಲಭದ ದಾರಿ.