ಧಾರವಾಡದ ಅಳತೆಗೋಲು, ಡೊಂಬಿವಲಿಯ ಅರ್ಜಿ

ಶಿಕ್ಷಣಶಾಸ್ತ್ರದಲ್ಲೋ ಶೈಕ್ಷಣಿಕ ಮನೋವಿಜ್ಞಾನದಲ್ಲೋ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವವರು ತುಂಬಬೇಕಾದ ಅಂಕಣಗಳು ಹಲವು. ಹಿಂದಿನ ಪದವಿಯ ಅಂಕ, ಪ್ರವೇಶ ಪರೀಕ್ಷೆಯ ಅಂಕ, ವಾಸದ ರಾಜ್ಯ, ಮಾತೃಭಾಷೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳ ಕನ್ನಡದ ಮನೆಗಳಿಂದ ಹೊರಡುವ ಅರ್ಜಿಗಳಲ್ಲಿ ಕೊನೆಯ ಎರಡು ಅಂಕಣಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುತ್ತವೆ. ವಾಸ ಮಹಾರಾಷ್ಟ್ರದಲ್ಲಿ, ಭಾಷೆ ಕರ್ನಾಟಕದ್ದು. ಅರ್ಜಿದಾರರಲ್ಲಿ ಹೆಚ್ಚಿನವರಿಗೆ ಇದೊಂದು ಸಣ್ಣ ತೊಡಕು, ಅಷ್ಟೆ. ಆದರೆ ಅವರು ಓದಲು ಹೊರಟ ಶಾಸ್ತ್ರದ ಭಾರತೀಯ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಹುಟ್ಟಿದ್ದು ಕನ್ನಡ ಮತ್ತು ಮರಾಠಿ ಒಂದೇ ಪ್ರಾಂತದಲ್ಲಿದ್ದ ಕಾಲದಲ್ಲಿ, ಆ ಎರಡು ಭಾಷೆಗಳ ಮಕ್ಕಳ ನಡುವೆ.

1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬೈ ಆಡಳಿತಕ್ಕೆ ಸೇರಿದ್ದವು. ಆ ಸೀಮೆಗೆ ಮುಂಬೈ ಕರ್ನಾಟಕ ಎಂಬ ಹೆಸರು ಬಂದದ್ದೇ ಹಾಗೆ. ಧಾರವಾಡದ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಡೆಪ್ಯೂಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ ಕನ್ನಡ ಶಾಲೆಗಳು ನೆಲೆಯೂರಿದವು, ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರು ತಯಾರಾದರು. ಮಗುವಿಗೆ ಯಾವ ಭಾಷೆಯಲ್ಲಿ ಕಲಿಸಬೇಕು ಎಂಬ ಪ್ರಶ್ನೆ ಆ ಊರಿಗೆ ಹಳೆಯದು. ಮಗುವನ್ನು ಯಾವ ಭಾಷೆಯಲ್ಲಿ ಅಳೆಯಬೇಕು ಎಂಬ ಪ್ರಶ್ನೆ ಬಂದದ್ದು ಆಮೇಲೆ.

ಪ್ರಾಥಮಿಕ ಶಾಲೆಯ ಶಿಕ್ಷಕರ ತರಬೇತಿ ಊರಲ್ಲೇ ಆಗುತ್ತಿತ್ತು. ಅದಕ್ಕಿಂತ ಮೇಲಿನ ಓದಿಗೆ ಮುಂಬೈಯ ಕಡೆ ನೋಡಬೇಕಾಗಿತ್ತು. ಮುಂಬೈ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಪ್ರೌಢಶಾಲಾ ಶಿಕ್ಷಕರಿಗಾಗಿ ಸೆಕೆಂಡರಿ ಟ್ರೇನಿಂಗ್ ಕಾಲೇಜು ಮುಂಬೈಯಲ್ಲಿ 1906ರಲ್ಲಿ ಆರಂಭವಾಯಿತು. ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿಯಾದ ಎಂ.ಎಡ್. ಅನ್ನು ದೇಶದಲ್ಲಿ ಮೊದಲು ತಂದದ್ದು ಇದೇ ವಿಶ್ವವಿದ್ಯಾಲಯ, 1936ರಲ್ಲಿ. ಶಿಕ್ಷಣಶಾಸ್ತ್ರದಲ್ಲಿ ದೇಶದ ಮೊದಲ ಪಿಎಚ್.ಡಿ. ಕೊಟ್ಟದ್ದೂ ಅದೇ, 1943ರಲ್ಲಿ. ಧಾರವಾಡದ ಪದವೀಧರನಿಗೆ ಇದು ಸ್ವಂತ ಪ್ರಾಂತದ ವಿಶ್ವವಿದ್ಯಾಲಯ. ಊರು ದೂರ, ಖರ್ಚು ಹೆಚ್ಚು, ಕೆಲಸ ಬಿಟ್ಟು ಹೋಗಬೇಕಾದ ಕಷ್ಟ ಬೇರೆ. ಆದರೂ ಅರ್ಜಿಯಲ್ಲಿ ಅವನು ಪರರಾಜ್ಯದವನಾಗಿರಲಿಲ್ಲ.

ಮನೋವಿಜ್ಞಾನ ಆಗ ಭಾರತದ ವಿಶ್ವವಿದ್ಯಾಲಯಗಳಲ್ಲಿ ಹೊಸ ಪೈರು. ಕಲ್ಕತ್ತೆಯಲ್ಲಿ 1916ರಲ್ಲಿ, ಮೈಸೂರಿನಲ್ಲಿ 1924ರಲ್ಲಿ ಅದಕ್ಕೆ ವಿಭಾಗಗಳು ಹುಟ್ಟಿದವು. ಮೈಸೂರಿನ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಓದಿ ಬಂದವರು. ಕನ್ನಡಿಗರಿಗೆ ಅವರ ನೆನಪು ಹೆಚ್ಚಾಗಿ ಇರುವುದು 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ಆರಂಭಿಸಿದವರೆಂದು. ಹೊರಗಿನ ಶಾಸ್ತ್ರವನ್ನು ಕಲಿತು ತಂದವರ ಮುಂದೆ ಇದ್ದ ಕೆಲಸ ಒಂದೇ: ಅದನ್ನು ಇಲ್ಲಿನ ಮಗುವಿನ ನಾಲಿಗೆಗೆ ಹೊಂದಿಸುವುದು.

ಅಳತೆಯ ಶಾಸ್ತ್ರಕ್ಕೆ ಮೂಲ ಪ್ಯಾರಿಸ್ಸಿನದು. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳಲ್ಲಿ ಯಾರಿಗೆ ವಿಶೇಷ ನೆರವು ಬೇಕೆಂದು ಗುರುತಿಸಲು ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಲೂಯಿಸ್ ಟರ್ಮನ್ ಅದನ್ನು ಪರಿಷ್ಕರಿಸಿದರು. ಲಾಹೋರಿನ ಸಿ. ಹರ್ಬರ್ಟ್ ರೈಸ್ ಹಿಂದೂಸ್ತಾನಿಯಲ್ಲಿ ಅದರದೊಂದು ರೂಪ ಮಾಡಿ 1929ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮುಂಬೈ ಕರ್ನಾಟಕದಲ್ಲಿ ಆ ಕೆಲಸ ಕೈಗೆತ್ತಿಕೊಂಡವರು ವಿ. ವಿ. ಕಾಮತ್. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿದ ಅವರ ಪ್ರಬಂಧ 1934ರಲ್ಲಿ ಶೈಕ್ಷಣಿಕ ಮನೋವಿಜ್ಞಾನದ ಬ್ರಿಟಿಷ್ ನಿಯತಕಾಲಿಕದಲ್ಲಿ ಬಂತು. ಆ ನಿಯತಕಾಲಿಕ ಶುರುವಾಗಿ ಆಗ ಮೂರೇ ವರ್ಷ. ಭಾರತೀಯ ಮಕ್ಕಳ ಬುದ್ಧಿಮತ್ತೆಯ ಅಳತೆಯ ಬಗ್ಗೆ ಅವರು ಬರೆದ ಪುಸ್ತಕವನ್ನು 1940ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿತು. ಇಂದಿಗೂ ಅದರ ಹೆಸರು ಬಿನೆ-ಕಾಮತ್ ಪರೀಕ್ಷೆ.

ಈ ಪರೀಕ್ಷೆಯ ಲೆಕ್ಕ ಸರಳ. ಮೂರರಿಂದ ಹತ್ತರವರೆಗೆ ಪ್ರತಿ ವಯಸ್ಸಿಗೂ ಆರಾರು ಪ್ರಶ್ನೆಗಳು, ಸರಿಯಾದ ಪ್ರತಿ ಉತ್ತರಕ್ಕೆ ಎರಡು ತಿಂಗಳು. ಹಾಗೆ ಕೂಡಿಸಿದ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬುದ್ಧ್ಯಂಕ. ಎಂಟು ವರ್ಷದ ಮಗು ಒಂದು ಪ್ರಶ್ನೆ ತಪ್ಪಿದರೆ ಎರಡು ತಿಂಗಳು ಹೋಯಿತು, ಅಂದರೆ ಬುದ್ಧ್ಯಂಕದಲ್ಲಿ ಸುಮಾರು ಎರಡು ಅಂಕ. ಮೂರು ತಪ್ಪಿದರೆ ಆರು. ಎಪ್ಪತ್ತರ ಗಡಿಯ ಹತ್ತಿರ ಇರುವ ಮಗುವಿಗೆ ಈ ಆರು ಅಂಕಗಳ ಮೇಲೆ ಶಾಲೆ, ಪ್ರಮಾಣಪತ್ರ, ಮನೆಯವರ ನಿರೀಕ್ಷೆ ಎಲ್ಲವೂ ತೂಗುತ್ತವೆ.

ಇಲ್ಲಿ ಅನುವಾದದ ಕಷ್ಟ ಕಾಣುತ್ತದೆ. ಟರ್ಮನ್ ಅವರ ಪರೀಕ್ಷೆಯಲ್ಲಿ ಮಗು ಅಮೆರಿಕದ ನಾಣ್ಯಗಳನ್ನು ಗುರುತಿಸಬೇಕಾಗಿತ್ತು, ಚಿಲ್ಲರೆ ಲೆಕ್ಕ ಹಾಕಬೇಕಾಗಿತ್ತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂದು ಎಣಿಸುತ್ತಿದ್ದ ಧಾರವಾಡದ ಮಗುವಿಗೆ ಆ ಪ್ರಶ್ನೆ ಹಾಗೆಯೇ ಹೊಂದದು ಎಂಬುದು ಯಾರಿಗೂ ತಿಳಿಯುತ್ತದೆ. ಕಣ್ಣಿಗೆ ಬೀಳದ ತೊಡಕು ಬೇರೆ ಇದೆ. ಅಂಕೆಗಳನ್ನು ಕೇಳಿ ಹಾಗೆಯೇ ಹೇಳುವ ಪ್ರಶ್ನೆ ಈ ಬಗೆಯ ಪರೀಕ್ಷೆಗಳಲ್ಲಿ ಇದ್ದೇ ಇರುತ್ತದೆ. ಅಂಕೆಗೆ ಭಾಷೆಯ ಹಂಗಿಲ್ಲ ಎಂದು ತೋರುತ್ತದೆ. ಆದರೆ ಪುಸ್ತಕದ ಕನ್ನಡದಲ್ಲಿ 'ನಾಲ್ಕು, ಏಳು, ಮೂರು, ಎಂಟು, ಐದು' ಎಂದರೆ ಹತ್ತು ಅಕ್ಷರ. ಮರಾಠಿಯಲ್ಲಿ 'ಚಾರ್, ಸಾತ್, ತೀನ್, ಆಠ್, ಪಾಚ್' ಎಂದರೆ ಉಚ್ಚಾರದಲ್ಲಿ ಐದೇ. ಹೇಳಲು ಹೆಚ್ಚು ಹೊತ್ತು ಬೇಕಾದ ಪದಗಳು ನೆನಪಿನಲ್ಲಿ ಕಡಿಮೆ ನಿಲ್ಲುತ್ತವೆ. ಇದನ್ನು ವೇಲ್ಸ್‌ನಲ್ಲಿ ಎನ್. ಸಿ. ಎಲಿಸ್ ಮತ್ತು ಆರ್. ಎ. ಹೆನೆಲಿ 1980ರಲ್ಲಿ ತೋರಿಸಿದರು. ಎರಡೂ ಭಾಷೆ ಬಲ್ಲವರೇ ವೆಲ್ಷ್‌ಗಿಂತ ಇಂಗ್ಲಿಷ್‌ನಲ್ಲಿ ಹೆಚ್ಚು ಅಂಕೆ ನೆನಪಿಟ್ಟುಕೊಂಡರು, ಏಕೆಂದರೆ ವೆಲ್ಷ್ ಅಂಕೆಗಳನ್ನು ಹೇಳಲು ಹೆಚ್ಚು ಸಮಯ ಬೇಕು. ಅಲ್ಲಿ ಕಡಿಮೆ ಬಿದ್ದ ಅಂಕಕ್ಕೆ ಕಾರಣ ಬುದ್ಧಿಯ ಕೊರತೆ ಆಗಿರಲಿಲ್ಲ.

ಇದೇ ವೇಲ್ಸ್‌ನಿಂದ 1923ರಲ್ಲಿ ಡಿ. ಜೆ. ಸೇರ್ ಎಂಬವರು ಒಂದು ಅಧ್ಯಯನ ಪ್ರಕಟಿಸಿದ್ದರು. ಹಳ್ಳಿಗಾಡಿನ ದ್ವಿಭಾಷಿಕ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಬುದ್ಧಿಯಲ್ಲಿ ಹಿಂದೆ ಎಂಬುದು ಅದರ ತೀರ್ಮಾನ. ಮುಂದಿನ ಕೆಲವು ದಶಕ ಎರಡು ಭಾಷೆ ಮಗುವಿಗೆ ಹೊರೆ ಎಂಬ ಮಾತು ವಿದ್ವಾಂಸರ ನಡುವೆ ಬಲವಾಗಿಯೇ ಇತ್ತು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಹತ್ತು ವರ್ಷದ ಶಾಲಾಮಕ್ಕಳನ್ನು ಪರೀಕ್ಷಿಸಿದರು. ಕುಟುಂಬಗಳ ಆರ್ಥಿಕ ಸ್ಥಿತಿಯನ್ನು ಸರಿದೂಗಿಸಿ ಹೋಲಿಸಿದಾಗ ದ್ವಿಭಾಷಿಕರೇ ಮುಂದಿದ್ದರು. ಕಾಮತರ ಪ್ರಬಂಧ ಬಂದದ್ದು ಈ ಎರಡು ಅಧ್ಯಯನಗಳ ನಡುವಿನ ಕಾಲದಲ್ಲಿ. ಅವರು ಎರಡು ಭಾಷೆಗಳ ಮಕ್ಕಳಿಗೂ ಅವರವರ ಭಾಷೆಯಲ್ಲಿ ಪ್ರಶ್ನೆ ಕೇಳುವ ದಾರಿ ಹಿಡಿದರು. ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಪ್ರಬಂಧ ಬರೆಯಬೇಕಾಗಿದ್ದ ಕಾಲದಲ್ಲಿ ಅದು ದೊಡ್ಡ ನಿರ್ಧಾರ.

ಕಾಮತರ ಪುಸ್ತಕ ಬಂದು ಹದಿನಾರು ವರ್ಷಕ್ಕೆ ಭೂಪಟ ಬದಲಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲೇ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದಿತ್ತು. 1956ರಲ್ಲಿ ಮುಂಬೈ ಕರ್ನಾಟಕ ಮೈಸೂರು ರಾಜ್ಯಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರ ಬೇರೆ ರಾಜ್ಯವಾಯಿತು. 1961ರಲ್ಲಿ ಎನ್‌ಸಿಇಆರ್‌ಟಿ ಸ್ಥಾಪನೆಯಾಗಿ, 1963ರ ಹೊತ್ತಿಗೆ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಬಂದವು. ಹಂಚಿಕೆಯಲ್ಲಿ ಕರ್ನಾಟಕ ಮೈಸೂರಿಗೆ, ಮಹಾರಾಷ್ಟ್ರ ಭೋಪಾಲಿಗೆ. ಬಿ.ಎಡ್. ಸೀಟುಗಳೂ ಈ ಹಂಚಿಕೆಯ ಪ್ರಕಾರವೇ. ಹೀಗಾಗಿ ಡೊಂಬಿವಲಿಯ ಕನ್ನಡ ಮನೆಯ ಹುಡುಗಿ ಶಿಕ್ಷಕಿಯಾಗಲು ಕೇಂದ್ರ ಸಂಸ್ಥೆಯ ಬಾಗಿಲು ತಟ್ಟಿದರೆ ಅದು ಭೋಪಾಲಿನ ಬಾಗಿಲು. ಕರ್ನಾಟಕದ ವೃತ್ತಿಶಿಕ್ಷಣದ ಸಿಇಟಿಯಲ್ಲಿ 'ಹೊರನಾಡು ಕನ್ನಡಿಗ' ಎಂಬ ಅರ್ಹತೆ ಇದೆಯಾದರೂ ಈ ಕಾಲೇಜುಗಳ ಹಂಚಿಕೆ ಮಾತೃಭಾಷೆಯನ್ನು ಕೇಳುವುದಿಲ್ಲ.

ಅಷ್ಟರಲ್ಲಿ ಕನ್ನಡದ ಮನೆಗಳು ಮುಂಬೈಯಿಂದ ರೈಲಿನ ದಾರಿ ಹಿಡಿದು ಹೊರಗೆ ಸರಿದಿದ್ದವು. ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಬಾಡಿಗೆ ಕಡಿಮೆ ಇದ್ದ ಕಡೆಗೆ ಹೋಟೆಲಿನವರು, ಗುಮಾಸ್ತರು, ಕಾರ್ಖಾನೆಯವರು ಬಂದು ನೆಲೆಸಿದರು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸಿತು. ಕೊಲ್ಲಿಯ ಆಚೆ ನವಿ ಮುಂಬೈ ಬೆಳೆಯಿತು, 1992ರಲ್ಲಿ ವಾಶಿಗೆ ಲೋಕಲ್ ರೈಲು ಬಂತು. ಈ ಊರುಗಳಲ್ಲಿ 'ಕನ್ನಡದ ಮಗು' ಎಂದರೆ ಯಾರು ಎಂಬುದೇ ಸುಲಭದ ಪ್ರಶ್ನೆಯಲ್ಲ. ಕರಾವಳಿಯಿಂದ ಬಂದ ಮನೆಯಲ್ಲಿ ಎಣಿಕೆ 'ಒಂಜಿ, ರಡ್ಡ್, ಮೂಜಿ' ಎಂದು ತುಳುವಿನಲ್ಲಿ ನಡೆಯುತ್ತದೆ, ಇನ್ನೊಂದು ಮನೆಯಲ್ಲಿ ಕೊಂಕಣಿಯಲ್ಲಿ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗು ಆಡುಮಾತಿನ ಕನ್ನಡದಲ್ಲಿ ಎಣಿಸಿ, ಮರಾಠಿಯಲ್ಲಿ ಆಟವಾಡಿ, ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಸುಮ್ಮನೆ ಕೂರುತ್ತದೆ. ಆ ಮೌನ ಕಲಿಕೆಯ ತೊಂದರೆಯೋ ಭಾಷೆಯ ತೊಂದರೆಯೋ ಎಂದು ಹೇಳಬಲ್ಲವರು ಬೇಕು.

ಅಂಥವರ ಅಗತ್ಯ ಕಳೆದ ಮೂರೂವರೆ ದಶಕದಲ್ಲಿ ಹೆಚ್ಚುತ್ತಲೇ ಬಂದಿದೆ. ಮನೋವೈದ್ಯ ಡಾ. ಆನಂದ ನಾಡಕರ್ಣಿ 1990ರಲ್ಲಿ ಠಾಣೆಯಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆಯೊಂದನ್ನು ಆರಂಭಿಸಿದರು. ಬೌದ್ಧಿಕ ಅಸಾಮರ್ಥ್ಯವುಳ್ಳವರಿಗಾಗಿ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನವಿ ಮುಂಬೈಯ ಖಾರ್ಘರ್‌ನಲ್ಲಿದೆ. ಓದು, ಬರಹ, ಲೆಕ್ಕದಲ್ಲಿ ನಿರ್ದಿಷ್ಟ ತೊಂದರೆ ಇರುವ ಮಕ್ಕಳಿಗೆ ಮಹಾರಾಷ್ಟ್ರ 1996ರಿಂದ ಪರೀಕ್ಷಾ ರಿಯಾಯಿತಿ ಕೊಡತೊಡಗಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೇಶದಾದ್ಯಂತ ಈ ತೊಂದರೆಯನ್ನು ಪಟ್ಟಿಗೆ ಸೇರಿಸಿತು. ರಿಯಾಯಿತಿಗೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಪರೀಕ್ಷೆ ಬೇಕು, ಪರೀಕ್ಷೆಗೆ ಮಗುವಿನ ಭಾಷೆ ಬಲ್ಲ ತಜ್ಞರು ಬೇಕು.

ಕಾಮತರ ಪರೀಕ್ಷೆಗೆ ವಯಸ್ಸಾಗಿದೆ. ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳಲ್ಲಿ ಬರುವ ಅಂಕ ಏರುತ್ತ ಹೋಗುತ್ತದೆ ಎಂದು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಲವು ದೇಶಗಳ ದಾಖಲೆಯಿಂದ ತೋರಿಸಿದರು. 1930ರ ದಶಕದ ಮಕ್ಕಳ ಮಟ್ಟಕ್ಕೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಹೆಚ್ಚು ಬಂದು, ನೆರವು ಬೇಕಾದ ಮಗು ಕೈತಪ್ಪಿ ಹೋಗಬಹುದು. ಮಗುವಿಗೆ ತಿಳಿಯದ ಭಾಷೆಯಲ್ಲಿ ಕೇಳಿದರೆ ಅಂಕ ಇಳಿದು, ನೆರವು ಬೇಡದ ಮಗುವಿಗೆ ಹಣೆಪಟ್ಟಿ ಅಂಟಬಹುದು. ಹಳೆಯ ಅಳತೆಗೋಲಿನ ತಪ್ಪು ಒಂದು ಕಡೆಗೆ, ಪರಭಾಷೆಯ ತಪ್ಪು ಇನ್ನೊಂದು ಕಡೆಗೆ ಎಳೆಯುತ್ತದೆ. ಎರಡೂ ಸೇರಿ ಸರಿಹೋಗುತ್ತವೆ ಎಂದು ಕೂರುವ ಹಾಗಿಲ್ಲ.

ಈಗ ಅರ್ಜಿ ಹಾಕುವವರ ಮುಂದೆ ದಾರಿಗಳು ಹಲವಿವೆ, ಪ್ರತಿಯೊಂದರ ಗುರಿಯೂ ಬೇರೆ. ಎಂ.ಎಡ್.ಗೆ ಮೊದಲು ಬಿ.ಎಡ್. ಅಥವಾ ಅದಕ್ಕೆ ಸಮನಾದ ಶಿಕ್ಷಕ ತರಬೇತಿ ಬೇಕು, ಜೊತೆಗೆ ಶೇಕಡಾ 50 ಅಂಕ. 2015ರಿಂದ ಅದು ಎರಡು ವರ್ಷದ ಓದು, ಮಹಾರಾಷ್ಟ್ರದಲ್ಲಿ ಅದಕ್ಕೆ ರಾಜ್ಯದ ಸಿಇಟಿ ಇದೆ. ಅದು ಶಿಕ್ಷಕರ ಶಿಕ್ಷಕರಾಗುವ ದಾರಿ. ಮನೋವಿಜ್ಞಾನದ ಎಂ.ಎ. ಶಾಸ್ತ್ರದ ಬುನಾದಿ ಕೊಡುತ್ತದೆ. ವಿಶೇಷ ಶಿಕ್ಷಣದ ಬಿ.ಎಡ್., ಎಂ.ಎಡ್.ಗಳು 1992ರ ಕಾಯ್ದೆಯಡಿ ಬಂದ ಪುನರ್ವಸತಿ ಪರಿಷತ್ತಿನ ಮಾನ್ಯತೆಗೆ ಒಳಪಟ್ಟವು, ಆ ಪರಿಷತ್ತಿನ ನೋಂದಣಿ ಇಲ್ಲದೆ ವಿಶೇಷ ಶಿಕ್ಷಕರ ಕೆಲಸಕ್ಕೆ ಬೆಲೆಯಿಲ್ಲ. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2006ರಲ್ಲಿ ಪ್ರಾಥಮಿಕ ಶಿಕ್ಷಣದ ಎಂ.ಎ. ಆರಂಭಿಸಿದಾಗ ಕೆಲಸದಲ್ಲಿರುವವರಿಗೆ ಅನುಕೂಲವಾಗುವಂತೆ ತರಗತಿ ಮತ್ತು ದೂರಶಿಕ್ಷಣ ಎರಡನ್ನೂ ಬೆರೆಸಿತ್ತು. ಧಾರವಾಡದಿಂದ ಮುಂಬೈಗೆ ಹೋಗಬೇಕಾಗಿದ್ದ ಹಳೆಯ ಶಿಕ್ಷಕನ ತೊಂದರೆಗೆ ಅದೊಂದು ತಡವಾದ ಉತ್ತರ.

ಪಿಎಚ್.ಡಿ. ಅರ್ಜಿಗೆ ಸಂಶೋಧನೆಯ ಪ್ರಸ್ತಾವ ಬೇಕು, ಕೆಲವು ಎಂ.ಎ.ಗಳಿಗೆ ಉದ್ದೇಶದ ಹೇಳಿಕೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಎಂದು ಬೆಳೆದ ಅರ್ಜಿದಾರರು ಅಲ್ಲಿ ಬೇರೆ ದೇಶದ ಸಿದ್ಧಾಂತವನ್ನು ಎರವಲು ತಂದು ಬರೆಯಬೇಕಾಗಿಲ್ಲ. ಠಾಣೆ ಜಿಲ್ಲೆಯ ಮಗು ಅಂಕೆಗಳನ್ನು ತುಳುವಿನಲ್ಲಿ ಎಷ್ಟು, ಕನ್ನಡದಲ್ಲಿ ಎಷ್ಟು, ಮರಾಠಿಯಲ್ಲಿ ಎಷ್ಟು ನೆನಪಿಡುತ್ತದೆ? ಕಲ್ಯಾಣದ ಶಾಲೆಯಲ್ಲಿ ಓದಲು ತಡವರಿಸುವ ಮಗುವಿಗೆ ಮನೆಮಾತಿನಲ್ಲಿ ಕತೆ ಹೇಳಲು ಬರುತ್ತದೆಯೇ? ಈ ಪ್ರಶ್ನೆಗಳನ್ನು ಕೇಳಲು ಎರಡು ಮೂರು ಭಾಷೆ ಬಲ್ಲವರೇ ಬೇಕು. ಅರ್ಜಿಯಲ್ಲಿ ತೊಡಕಾಗಿ ಕಂಡ ಮಾತೃಭಾಷೆಯ ಅಂಕಣ ಇಲ್ಲಿ ಅರ್ಹತೆಯಾಗುತ್ತದೆ. 1934ರಲ್ಲಿ ಕನ್ನಡ ಮತ್ತು ಮರಾಠಿ ಒಂದೇ ಪ್ರಬಂಧದ ಶೀರ್ಷಿಕೆಯಲ್ಲಿ ಅಕ್ಕಪಕ್ಕ ಕೂತಿದ್ದವು. ಡೊಂಬಿವಲಿಯ ಲೋಕಲ್ ಡಬ್ಬಿಯಲ್ಲಿ ಅವು ಇಂದಿಗೂ ಅಕ್ಕಪಕ್ಕ ಕೂತಿವೆ, ಆ ಮಕ್ಕಳಿಗಾಗಿ ಹೊಸ ಅಳತೆಗೋಲು ಮಾಡುವ ಕೆಲಸ ಬಾಕಿ ಇದೆ.