‘ಡೈನಮೋ’ ಎಂಬ ಹಳೆಯ ಹೆಸರು: ಕಾರಿನ ಚಾರ್ಜಿಂಗ್ ದೋಷ ಪತ್ತೆಯಲ್ಲಿ ಯಂತ್ರ ಮತ್ತು ಪರೀಕ್ಷೆ

ನಮ್ಮ ಊರುಗಳ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗಳಲ್ಲಿ ಆಲ್ಟರ್ನೇಟರಿಗೆ ಇಂದಿಗೂ ‘ಡೈನಮೋ’ ಎನ್ನುವವರು ಸಿಗುತ್ತಾರೆ. ನಿಜವಾದ ಡೈನಮೋ ಕಾರುಗಳಿಂದ ಮರೆಯಾಗಿ ದಶಕಗಳೇ ಆದವು. ಹೆಸರೊಂದೇ ಉಳಿದಿದ್ದರೆ ಅದು ಭಾಷಾಶಾಸ್ತ್ರದ ವಿಷಯವಾಗುತ್ತಿತ್ತು. ಆದರೆ ಹೆಸರಿನ ಬೆನ್ನಿಗೇ ಆ ಯಂತ್ರದ ಕಾಲದ ಒಂದು ಪರೀಕ್ಷೆಯೂ ಉಳಿದುಕೊಂಡಿದೆ: ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಕೇಬಲ್ ಕಿತ್ತು ನೋಡುವುದು. ಇಂಜಿನ್ ನಿಲ್ಲದಿದ್ದರೆ ‘ಚಾರ್ಜಿಂಗ್ ಬರ್ತಿದೆ, ಬ್ಯಾಟರಿ ಹೋಗಿದೆ’; ನಿಂತರೆ ‘ಡೈನಮೋ ಹೋಗಿದೆ’. ಚಾರ್ಜಿಂಗ್ ದೋಷದ ನಿದಾನದಲ್ಲಿ ಒಂದು ಮುಖ್ಯ ಬಗೆಯ ತಪ್ಪು ಹುಟ್ಟುವುದು ಅಳೆಯಲು ಬಾರದ್ದರಿಂದಲ್ಲ, ಹಿಂದಿನ ತಲೆಮಾರಿನ ಯಂತ್ರಕ್ಕೆ ಒಪ್ಪುತ್ತಿದ್ದ ಪರೀಕ್ಷೆಯನ್ನು ಇಂದಿನದಕ್ಕೆ ಹಚ್ಚುವುದರಿಂದ ಎಂಬುದು ಈ ಲೇಖನದ ವಾದ.

1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಬ್ಯಾಟರಿಯ ಕೆಲಸ ಬದಲಾಯಿತು. ಸೆಲ್ಫ್ ಹೊಡೆದಾಗ ಹೋದದ್ದನ್ನು ಮರಳಿ ತುಂಬುವ ಯಂತ್ರವೊಂದು ಬೇಕಾಯಿತು. ಆ ಕೆಲಸವನ್ನು ಡೈನಮೋ ಅರ್ಧ ಶತಮಾನ ಮಾಡಿತು. ಅದರ ಕಬ್ಬಿಣದಲ್ಲಿ ಉಳಿದಿರುವ ಕಾಂತತ್ವವೇ ಉತ್ಪಾದನೆಗೆ ಚಾಲನೆ ಕೊಡುತ್ತಿತ್ತು. ವೇಗ ಕಡಿಮೆಯಾದಾಗ ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿಯದಂತೆ ‘ಕಟೌಟ್’ ಎಂಬ ರಿಲೇ ತಡೆಯುತ್ತಿತ್ತು. ಲೂಕಾಸ್ ಕಂಪನಿಯ ಸಿ-40 ಮಾದರಿಯ ಡೈನಮೋದ ಸಾಮರ್ಥ್ಯ ಸುಮಾರು 22 ಆಂಪಿಯರ್, ಅದೂ ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಹಳೆಯ ಅಂಬಾಸಿಡರ್‌ಗಳ ಹೆಡ್‌ಲೈಟು ಕಾರು ನಿಂತಲ್ಲಿ ಮಂಕಾಗಿ, ಆಕ್ಸಲರೇಟರ್ ತುಳಿದೊಡನೆ ಕಣ್ಣರಳಿಸುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಅಂಥ ಕಾರಿನಲ್ಲಿ ಕೇಬಲ್ ಕಿತ್ತರೆ ಹೆಚ್ಚೆಂದರೆ ಒಂದೆರಡು ಬಲ್ಬು ಸುಡುತ್ತಿದ್ದವು. ಸುಟ್ಟುಹೋಗಲು ಅರೆವಾಹಕಗಳೇ ಅದರಲ್ಲಿ ಇರಲಿಲ್ಲ.

ಸಿಲಿಕಾನ್ ಡಯೋಡ್ ಅಗ್ಗವಾದಾಗ ಈ ಚಿತ್ರ ಬದಲಾಯಿತು. 1960ರಲ್ಲಿ ಕ್ರೈಸ್ಲರ್ ಕಂಪನಿ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರ್ ಅಳವಡಿಸಿತು. ಉಳಿದ ತಯಾರಕರೂ ಕ್ರಮೇಣ ಅದೇ ಹಾದಿ ಹಿಡಿದರು. ಇಲ್ಲಿ ತಿರುಗುವ ರೋಟರಿಗೆ ಕಾರ್ಬನ್ ಬ್ರಷ್‌ಗಳ ಮೂಲಕ ಕೆಲವೇ ಆಂಪಿಯರ್ ಹೋಗುತ್ತದೆ. ಸುತ್ತಲಿನ ಸ್ಟೇಟರಿನ ಮೂರು ಸುರುಳಿಗಳಲ್ಲಿ ಹುಟ್ಟುವ ಪರ್ಯಾಯ ವಿದ್ಯುತ್ತನ್ನು ಆರು ಡಯೋಡುಗಳು ಏಕಮುಖವಾಗಿ ತಿರುಗಿಸುತ್ತವೆ. ರೋಟರಿನ ಪ್ರವಾಹವನ್ನು ಹೆಚ್ಚು ಕಡಿಮೆ ಮಾಡಿ ರೆಗ್ಯುಲೇಟರ್ ವೋಲ್ಟೇಜನ್ನು ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಹಿಡಿದಿಡುತ್ತದೆ.

ಈ ಯಂತ್ರದ ಮೇಲೆ ಕೇಬಲ್ ಕೀಳುವ ಪರೀಕ್ಷೆ ಎರಡು ರೀತಿಯಲ್ಲಿ ಸೋಲುತ್ತದೆ. ಬ್ಯಾಟರಿ ತಟ್ಟನೆ ಕಳಚಿದಾಗ ರೋಟರಿನ ಕಾಂತಕ್ಷೇತ್ರ ತಟ್ಟನೆ ಇಳಿಯುವುದಿಲ್ಲ, ಅದಕ್ಕೆ ಸೆಕೆಂಡಿನ ಒಂದಂಶವಾದರೂ ಬೇಕು. ಅಷ್ಟರಲ್ಲಿ ಹೋಗಲು ದಾರಿಯಿಲ್ಲದ ಶಕ್ತಿ ವೋಲ್ಟೇಜಾಗಿ ಏರುತ್ತದೆ. ವಾಹನಗಳ ವಿದ್ಯುತ್ ಪರೀಕ್ಷೆಗೆಂದು ಇರುವ ಐಎಸ್‌ಒ 16750-2 ಮಾನದಂಡ, 12 ವೋಲ್ಟಿನ ವಾಹನಗಳಲ್ಲಿ ತಡೆಯಿಲ್ಲದ ಇಂಥ ಏರಿಕೆಯನ್ನು 79ರಿಂದ 101 ವೋಲ್ಟ್ ಎಂದು ಇಟ್ಟುಕೊಂಡಿದೆ. ರೆಗ್ಯುಲೇಟರ್, ಇಂಜಿನ್ ಕಂಪ್ಯೂಟರ್, ಸ್ಟೀರಿಯೋ, ಯಾವುದು ಮೊದಲು ಬಲಿಯಾಗುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಇನ್ನೊಂದು ಸೋಲು ತರ್ಕದ್ದು. ಆರರಲ್ಲಿ ಒಂದು ಡಯೋಡು ಸತ್ತ ಆಲ್ಟರ್ನೇಟರೂ ಇಂಜಿನ್ನನ್ನು ಓಡಿಸುತ್ತಿರಬಲ್ಲದು. ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ, ಹೊಸ ಬ್ಯಾಟರಿಯ ದುಡ್ಡು ಮಾಲೀಕನ ಕೈಬಿಡುತ್ತದೆ. ಡಯೋಡನ್ನು ಹಿಡಿಯಬೇಕಾದರೆ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಮೇಲೆ ಅಳೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಡಯೋಡುಗಳ ಗುಂಪಾದ ರೆಕ್ಟಿಫೈಯರ್ ಮೇಲೆ ಅನುಮಾನ ಪಡಬಹುದು. ಶಾರ್ಟ್ ಆದ ಡಯೋಡು ಇನ್ನೊಂದು ಗುರುತನ್ನೂ ಬಿಡುತ್ತದೆ. ರಾತ್ರಿಯಿಡೀ ಅದರ ಮೂಲಕ ಬ್ಯಾಟರಿ ಸೋರುವುದರಿಂದ, ಬೆಳಗ್ಗೆ ಸ್ಟಾರ್ಟ್ ಮಾಡುವ ಮುನ್ನವೇ ಆಲ್ಟರ್ನೇಟರಿನ ಮೈ ಮುಟ್ಟಿದರೆ ಬೆಚ್ಚಗಿರುತ್ತದೆ. ಮೀಟರಿಲ್ಲದೆ ಮಾಡಬಹುದಾದ ಪರೀಕ್ಷೆಗಳಲ್ಲಿ ನಾನು ನಂಬುವುದು ಇದೊಂದನ್ನೇ.

ಚಾರ್ಜಿಂಗ್ ಕಡಿಮೆಯಾಗಲು ಆಲ್ಟರ್ನೇಟರೇ ಕೆಟ್ಟಿರಬೇಕೆಂದಿಲ್ಲ. ಬೆಲ್ಟ್ ಸಡಿಲಾಗಿ ನುಣುಪಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಆದರೆ ತಂತಿಯ ದೋಷ ಕಾಣುವುದಿಲ್ಲ, ಸಾಮಾನ್ಯ ಪರೀಕ್ಷೆಗೂ ಸಿಗುವುದಿಲ್ಲ. ಒಂದು ಲೆಕ್ಕ ನೋಡೋಣ. ಆಲ್ಟರ್ನೇಟರಿನ ಬಾಯಲ್ಲಿ 14.3 ವೋಲ್ಟ್ ಇದೆ, ಬ್ಯಾಟರಿಯ ಮೇಲೆ 13.2 ಮಾತ್ರ, ತಂತಿಯಲ್ಲಿ 50 ಆಂಪಿಯರ್ ಹರಿಯುತ್ತಿದೆ ಎಂದಿಟ್ಟುಕೊಳ್ಳಿ. ನಡುವೆ ಕಳೆದ 1.1 ವೋಲ್ಟಿನಲ್ಲಿ 0.7 ಧನ ಕೇಬಲ್ಲಿನಲ್ಲಿ, 0.4 ಅರ್ತಿಂಗಿನಲ್ಲಿ ಹೋಯಿತು ಎನ್ನೋಣ. ಆಗ ಧನ ಮಾರ್ಗದ ರೋಧ 0.014 ಓಮ್, ಅರ್ತಿಂಗಿನದು 0.008. ಸಾಧಾರಣ ಮಲ್ಟಿಮೀಟರಿನ ಸ್ವಂತ ತಂತಿಗಳ ರೋಧವೇ ಇದಕ್ಕಿಂತ ಹೆಚ್ಚು. ಓಮ್ ಇಟ್ಟು ನೋಡಿದರೆ ‘ತಂತಿ ಸರಿ ಇದೆ’ ಎಂದೇ ಬರುತ್ತದೆ. ಒಂದೇ ಎಳೆ ಉಳಿದ ಕೇಬಲ್ಲಿಗೂ ಮೀಟರ್ ಕೀಂ ಎನ್ನುತ್ತದೆ. ಪ್ರವಾಹ ಹರಿಯದೆ ಈ ದೋಷ ಹೊರಬೀಳುವುದೇ ಇಲ್ಲ.

ಆದ್ದರಿಂದ ಅಳೆಯಬೇಕಾದದ್ದು ಎರಡು ಬಿಂದುಗಳ ನಡುವಿನ ವೋಲ್ಟೇಜ್ ನಷ್ಟವನ್ನು, ಹೊರೆಯ ಕೆಳಗೆ. ಹೆಡ್‌ಲೈಟ್, ಬ್ಲೋವರ್, ಹಿಂಗಾಜಿನ ಹೀಟರ್ ಎಲ್ಲ ಹಾಕಿ ಇಂಜಿನ್ನನ್ನು 1500–2000 ಆರ್‌ಪಿಎಂನಲ್ಲಿ ಇಡಬೇಕು. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಧನ ಕಂಬಕ್ಕೇ. ಕ್ಲಾಂಪಿಗೆ ತಾಗಿಸಿದರೆ ಕಂಬ-ಕ್ಲಾಂಪುಗಳ ನಡುವಿನ ಬಿಳಿ ಹುಡಿಯ ದೋಷ ತಪ್ಪಿಹೋಗುತ್ತದೆ. 0.3 ವೋಲ್ಟಿನೊಳಗಿದ್ದರೆ ಒಪ್ಪಬಹುದು. ಹಾಗೆಯೇ ಆಲ್ಟರ್ನೇಟರಿನ ಮೈಯಿಂದ ಋಣ ಕಂಬಕ್ಕೆ 0.2ರೊಳಗೆ ಇರಬೇಕು. ಉಪ್ಪುಗಾಳಿಯ ಕಾರವಾರ, ಮಂಗಳೂರುಗಳಲ್ಲಿ ಇಂಜಿನ್ನಿನಿಂದ ಕಾರಿನ ಬಾಡಿಯವರೆಗೆ ಬರುವ ಅರ್ತಿಂಗ್ ಪಟ್ಟಿಯನ್ನೇ ಮೊದಲು ಸಂಶಯಿಸುವುದು ಜಾಣತನ.

ಆಲ್ಟರ್ನೇಟರೂ ತಂತಿಯೂ ಚೆನ್ನಾಗಿದ್ದು ಬ್ಯಾಟರಿ ಮಾತ್ರ ಡೌನ್ ಆಗುತ್ತಿದ್ದರೆ ನೋಡಬೇಕಾದದ್ದು ನಿಂತ ಕಾರನ್ನು. ಎಲ್ಲ ಆರಿಸಿದ ಮೇಲೆ 50 ಮಿಲಿಆಂಪಿಯರ್ ವರೆಗಿನ ಸೋರಿಕೆ ಸಹಜ, ದಿನಕ್ಕೆ 1.2 ಆಂಪಿಯರ್-ಗಂಟೆ. ಅದೇ 300 ಮಿಲಿಆಂಪಿಯರ್ ಆದರೆ ದಿನಕ್ಕೆ 7.2, ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧ ಖಾಲಿ. ಬಾಗಿಲು ತೆರೆದರೆ ಕಂಪ್ಯೂಟರ್‌ಗಳು ಎಚ್ಚರಗೊಳ್ಳುವುದರಿಂದ ಅರ್ಧ ಗಂಟೆ ಕಾದು ಅಳೆಯಬೇಕು. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟ್ ತೋರಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ. ಕಲಬುರಗಿಯ ಬೇಸಿಗೆಯಂಥ ಬಿಸಿ ಬ್ಯಾಟರಿಯ ನೀರನ್ನೂ ಒಳಗಿನ ಸೀಸದ ಜಾಲರಿಯನ್ನೂ ತಿನ್ನುತ್ತದೆ. ಆ ಕಾರಣಕ್ಕೇ ಹಲವು ರೆಗ್ಯುಲೇಟರ್‌ಗಳು ಬಿಸಿಯಲ್ಲಿ ವೋಲ್ಟೇಜ್ ತಗ್ಗಿಸುತ್ತವೆ. ಮೇ ತಿಂಗಳ ಮಧ್ಯಾಹ್ನ ಕಂಡ 13.7ನ್ನು ದೋಷವೆಂದು ಬರೆದುಕೊಳ್ಳಬಾರದು.

ಈಗ ಮೂರನೆಯ ತಲೆಮಾರು ಬಂದಿದೆ, ಅದರೊಡನೆ 14 ವೋಲ್ಟಿನ ಸೂತ್ರವೂ ಹಳತಾಗುತ್ತಿದೆ. ಇಂಧನ ಉಳಿಸಲು ಇಂಜಿನ್ ಕಂಪ್ಯೂಟರೇ ಆಲ್ಟರ್ನೇಟರನ್ನು ಆಳುವ ಕಾರುಗಳಲ್ಲಿ, ವೇಗ ಹೆಚ್ಚಿಸುವಾಗ ಚಾರ್ಜಿಂಗ್ ಬಹುತೇಕ ನಿಲ್ಲುತ್ತದೆ. ಆಕ್ಸಲರೇಟರ್ ಬಿಟ್ಟು ಇಳಿಜಾರಿನಲ್ಲಿ ಹೋಗುವಾಗ ಅದು ಜೋರಾಗುತ್ತದೆ. ಇಂಜಿನ್ ಓಡುತ್ತಿದ್ದೂ 12.7 ವೋಲ್ಟ್ ಕಂಡರೆ ಆಲ್ಟರ್ನೇಟರ್ ಬಿಚ್ಚುವ ಮೊದಲು ಹೆಡ್‌ಲೈಟ್ ಹಾಕಿ ನೋಡಬೇಕು. ಹಲವು ಕಾರುಗಳಲ್ಲಿ ವೋಲ್ಟೇಜ್ ಕೂಡಲೇ ಮೇಲೇರುತ್ತದೆ. ಇಂಥ ಕಾರಿನ ಋಣ ಕಂಬದ ಮೇಲೆ ಕೂತಿರುವ ಪುಟ್ಟ ಸಂವೇದಕ ಒಳಹೊರಗಿನ ಪ್ರವಾಹವನ್ನು ಲೆಕ್ಕವಿಡುತ್ತದೆ. ಹೊರಗಿನ ಚಾರ್ಜರಿನ ಋಣ ಕ್ಲಿಪ್ಪನ್ನು ನೇರ ಕಂಬಕ್ಕೆ ಹಾಕಿದರೆ ತುಂಬಿದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ. ಕ್ಲಿಪ್ಪು ಬಾಡಿಗೇ ಹೋಗಬೇಕು.

ಡ್ಯಾಶ್‌ಬೋರ್ಡಿನ ಕೆಂಪು ದೀಪದ ಕಥೆಯೂ ಇದೇ. ಅದರ ಮೇಲೆ ಬ್ಯಾಟರಿಯ ಚಿತ್ರವಿರುವುದರಿಂದ ಬ್ಯಾಟರಿಯೇ ಕೆಟ್ಟಿದೆ ಎಂದು ಓದುವುದು ರೂಢಿ. ಎರಡನೆಯ ತಲೆಮಾರಿನ ಆಲ್ಟರ್ನೇಟರಿನಲ್ಲಿ ಆ ಬಲ್ಬಿನ ಒಂದು ತುದಿಗೆ ಬ್ಯಾಟರಿ, ಇನ್ನೊಂದಕ್ಕೆ ಆಲ್ಟರ್ನೇಟರ್. ಎರಡೂ ಕಡೆ ವೋಲ್ಟೇಜ್ ಸಮವಾದಾಗ ಅದು ಆರುತ್ತದೆ. ಆರುವ ಮುನ್ನ ರೋಟರಿಗೆ ಮೊದಲ ಪ್ರವಾಹ ಹೋಗುತ್ತಿದ್ದದ್ದೂ ಅದರ ಮೂಲಕವೇ. ಬಲ್ಬು ಫ್ಯೂಸ್ ಆದರೆ ಐಡ್ಲಿಂಗಿನಲ್ಲಿ ಆಲ್ಟರ್ನೇಟರ್ ಎಚ್ಚರಗೊಳ್ಳದೇ ಇರಬಹುದು. ಹಾಗಾಗಿ ಕೀ ತಿರುಗಿಸಿದಾಗ ದೀಪ ಹತ್ತುತ್ತದೆಯೇ ಎಂದು ನೋಡುವುದು ರೋಟರಿನ ಸರ್ಕ್ಯೂಟಿನ ಪರೀಕ್ಷೆಯೇ ಆಗಿತ್ತು. ಇಂದಿನ ಅನೇಕ ಕಾರುಗಳಲ್ಲಿ ಆ ಜಾಗದಲ್ಲಿರುವುದು ಎಲ್‌ಇಡಿ. ಕಂಪ್ಯೂಟರ್ ಹೇಳಿದಾಗ ಅದು ಹತ್ತುತ್ತದೆ, ಹೇಳಿದಾಗ ಆರುತ್ತದೆ. ರೋಟರಿಗೂ ಅದಕ್ಕೂ ತಂತಿಯ ನಂಟಿಲ್ಲ.